ಕೆಂಪಕ್ಕ ಕೆರೆದ ಗೆರೆ

ನಮ್ಮ ನಡುಮನೆಯ ಗೋಡೆಯ ಮೇಲೆ ತಾತ ಕೊಟ್ರಬಸಪ್ಪನ ಫೋಟೋ ಇದೆ. ಅದರ ಕೆಳಗಿನ ಗೂಡಿನಲ್ಲಿ ಹಿತ್ತಾಳೆಯ ದುಂಡನೆಯ ಸಾಮಾನೊಂದಿದೆ. ನೋಡಲು ಗಡಿಯಾರದಂತಿದ್ದರೂ ಅದಕ್ಕೆ ಮುಳ್ಳು ಒಂದೇ. ತಾತನ ಗೋಲಿ ಸೋಡಾ ಮಷೀನಿನಲ್ಲಿ ಗ್ಯಾಸಿನ ಒತ್ತಡ ಎಷ್ಟಿದೆ ಎಂದು ತೋರಿಸುತ್ತಿದ್ದದ್ದು ಅದೇ. ಗಾಜಿನ ಬಲಬದಿಯಲ್ಲಿ ಅಡ್ಡಾದಿಡ್ಡಿ ಕೆರೆದ ಗುರುತಿದೆ. ಹಬ್ಬಕ್ಕೆ ಬಂದ ನೆಂಟರಿಗೆಲ್ಲ ನಮ್ಮ ಚಿಕ್ಕಪ್ಪ ಅದನ್ನು ತೋರಿಸಿ, "ತಾನಾ ಹಾಕಿದ ಗೆರಿ ತಪ್ಪೈತಿ ಅಂತ ತಾನಾ ಕಂಡುಹಿಡಿದು, ತಾನಾ ಕೆರೆದು ಹಾಕಿದಾವ ನಮ್ಮಪ್ಪ" ಎಂದು ಹೇಳುತ್ತಾನೆ. ನೆಂಟರು ತಲೆದೂಗುತ್ತಾರೆ.

ಶುದ್ಧ ಸುಳ್ಳು. ತಾತ ಏನನ್ನೂ ಕಂಡುಹಿಡಿಯಲಿಲ್ಲ, ಕೆರೆಯಲೂ ಇಲ್ಲ. ಎರಡನ್ನೂ ಮಾಡಿದವಳು ಅವನ ಅಂಗಡಿಯಲ್ಲಿ ಬಾಟಲಿ ತೊಳೆಯುತ್ತಿದ್ದ ಕೆಂಪಕ್ಕ. ಈ ಮಾತನ್ನು ಮನೆಯಲ್ಲಿ ಎತ್ತಿದರೆ ಎಲ್ಲರೂ ನನ್ನ ಮೇಲೆ ಹರಿಹಾಯುತ್ತಾರೆ. ಹಾಯಲಿ. ಇದನ್ನು ನನಗೆ ಅರ್ಧ ಹೇಳಿದ್ದು ಕೆಂಪಕ್ಕ, ಇನ್ನರ್ಧ ಹೇಳಿದ್ದು ತಾತನ ಹೆಂಡತಿ, ನಮ್ಮಜ್ಜಿ ಅನ್ನದಾನಮ್ಮ. ಇಬ್ಬರಿಗೂ ಸುಳ್ಳು ಹೇಳುವ ಅಗತ್ಯ ಇರಲಿಲ್ಲ.

ಕೆಂಪಕ್ಕ ಮಡಕಶಿರದ ಕಡೆಯವಳು. ಬೆಟ್ಟದ ಕೋಟೆ ಕಾಣುವ ಹಳ್ಳಿಯೊಂದರಲ್ಲಿ, ರಾಗಿ, ಕಡಲೆಕಾಯಿ ಬೆಳೆಯುವ ಮನೆಯಲ್ಲಿ ಹುಟ್ಟಿದಳು. ಮದುವೆಯಾದ ಮೇಲೆ ಗಂಡ ಗಂಗಣ್ಣನ ಜೊತೆ ರಾಯದುರ್ಗಕ್ಕೆ ಬಂದಳು. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮಡಕಶಿರ ಅನಂತಪುರಕ್ಕೆ; ಎರಡನ್ನೂ ಆಳುತ್ತಿದ್ದದ್ದು ಮದ್ರಾಸಿನ ಸರ್ಕಾರ. ಗಂಗಣ್ಣ ಸ್ಟೇಷನ್ನಿನಲ್ಲಿ ಕಡಲೆಕಾಯಿ ಮೂಟೆ ಹೊರುತ್ತಿದ್ದ. ಮೂಟೆಗಳನ್ನು ದಾರ ಹಿಡಿದ ಹಾಗೆ ನೇರವಾಗಿ ಒಟ್ಟುವ ಅವನ ಅಚ್ಚುಕಟ್ಟು ನೋಡಿ ತಾತ ಅವನನ್ನು ಸೋಡಾ ಮಷೀನಿಗೆ ಕರೆದುಕೊಂಡ. ಬಾಟಲಿ ತೊಳೆಯಲು ಕೆಂಪಕ್ಕ ಬಂದಳು. ಬೀದಿಯಲ್ಲೆಲ್ಲ "ಯಾಕ", "ಬರ್ರಿ" ಎನ್ನುವವರ ನಡುವೆ ಅವಳ ಮಡಕಶಿರದ ಮಾತು ಕೇಳಿ ಹೆಂಗಸರು ನಗುತ್ತಿದ್ದರು. ಅವಳು ಒಂದಕ್ಷರವನ್ನೂ ಬದಲಾಯಿಸಿಕೊಳ್ಳಲಿಲ್ಲ.

ಸೋಡಾ ಮಾಡುವ ಕೆಲಸ ಕಷ್ಟದ್ದಲ್ಲ, ಅಪಾಯದ್ದು. ನೀರು ತುಂಬಿದ ಬಾಟಲಿಗಳನ್ನು ಪೆಟ್ಟಿಗೆಯೊಳಗೆ ಬಿಗಿದು, ಮದ್ರಾಸಿನಿಂದ ರೈಲಿನಲ್ಲಿ ಬರುತ್ತಿದ್ದ ಸಿಲಿಂಡರಿನಿಂದ ಗ್ಯಾಸು ಬಿಟ್ಟು, ಹಿಡಿಕೆ ಹಿಡಿದು ಪೆಟ್ಟಿಗೆಯನ್ನು ತಿರುಗಿಸಬೇಕು. ತಿರುಗಿದಂತೆಲ್ಲ ಗ್ಯಾಸು ನೀರಿಗೆ ಸೇರುತ್ತದೆ. ಕೊನೆಗೆ ಬಾಟಲಿ ತಲೆಕೆಳಗಾದಾಗ ಒಳಗಿನ ಗೋಲಿ ಕುತ್ತಿಗೆಗೆ ಬಂದು, ಗ್ಯಾಸಿನ ಒತ್ತಡಕ್ಕೇ ರಬ್ಬರ್ ಉಂಗುರಕ್ಕೆ ಒತ್ತಿಕೊಂಡು ಕೂರುತ್ತದೆ. ಒತ್ತಡ ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ಅದಕ್ಕೇ ಮಷೀನಿನ ಮುಂದೆ ನಿಲ್ಲುವವನು ಮುಖಕ್ಕೆ ತಂತಿಯ ಜಾಲರಿ ಕಟ್ಟಿಕೊಳ್ಳುತ್ತಿದ್ದ.

ಒಂದು ವರ್ಷ ಯುಗಾದಿಯ ಹೊತ್ತಿಗೆ, ಸೋಡಾ ಸಪ್ಪೆ ಎಂದು ಗಿರಾಕಿಗಳು ಗೊಣಗಿದರು. ಅಂಗಳದ ಕಬ್ಬಿಣದ ಪೀಪಾಯಿಯಲ್ಲಿ ತುಂಬಿಟ್ಟ ನೀರು ಬಿಸಿಲಿಗೆ ಕಾದಿತ್ತು, ಕಾದ ನೀರಿಗೆ ಗ್ಯಾಸು ಸರಿಯಾಗಿ ಇಳಿಯುವುದಿಲ್ಲ. ತಾತನಿಗೆ ಅದು ತಿಳಿಯದು. ಸೋಡಾ ಮೂಗಿಗೆ ಹತ್ತುವಷ್ಟು ಚುರುಕಾಗುವ ತನಕ ಒತ್ತಡ ಏರಿಸಿದ. ಮುಳ್ಳು ನಿಂತ ಕಡೆ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದ. ಹಬ್ಬದ ದಿನವೇ ಮಷೀನಿಗೆ ಪೂಜೆ ಮಾಡಿ, ಗೆರೆಯ ಪಕ್ಕ ವಿಭೂತಿ ಹಚ್ಚಿದ. ಮುಗಿಯಿತು. ಮುಳ್ಳು ಅದರ ಕೆಳಗೂ ನಿಲ್ಲಬಾರದು, ಮೇಲೂ ಹೋಗಬಾರದು. ಪೂಜೆಯಾದ ಗೆರೆಯನ್ನು ಬದಲಾಯಿಸುವುದುಂಟೆ! ಗಂಗಣ್ಣ ದಿನಾ ಬೆಳಿಗ್ಗೆ ಅದಕ್ಕೆ ಕೈಮುಗಿದೇ ಹಿಡಿಕೆ ಮುಟ್ಟುತ್ತಿದ್ದ.

ಅದೇ ವರ್ಷ ಪುಷ್ಯ ಮಾಸ. ಆ ಸಲ ಚಳಿ ಜೋರಾಗಿತ್ತು. ಬೆಳಿಗ್ಗೆ ಬಾಟಲಿ ತೊಳೆಯಲು ಪೀಪಾಯಿಗೆ ಕೈಯಿಟ್ಟ ಕೆಂಪಕ್ಕನ ಬೆರಳುಗಳು ಮರಗಟ್ಟಿದವು. ಆ ನೀರಿನಲ್ಲೇ ಸೋಡಾ ತುಂಬಿ, ಮುಳ್ಳನ್ನು ಸರಿಯಾಗಿ ಗೆರೆಯ ಮೇಲೆ ನಿಲ್ಲಿಸಿ, ಗಂಗಣ್ಣ ತಳ್ಳುಗಾಡಿಯಲ್ಲಿ ಸ್ಟೇಷನ್ನಿಗೆ ಹೋದ. ರೈಲು ತಡವಾಯಿತು. ರಾಯದುರ್ಗದಲ್ಲಿ ಬೆಳಗಿನ ಚಳಿ ಎಷ್ಟೇ ಇರಲಿ, ಮಧ್ಯಾಹ್ನದ ಬಿಸಿಲು ಬಿಸಿಲೇ. ಗಾಡಿಯಲ್ಲಿದ್ದ ಬಾಟಲಿ ಪೆಟ್ಟಿಗೆ ಎರಡು ತಾಸು ಬಿಸಿಲಿನಲ್ಲಿ ಕಾಯಿತು. ರೈಲು ಬಂದಾಗ ಯಾರೋ ಸೋಡಾ ಕೇಳಿದರು. ಗಂಗಣ್ಣ ಬಾಟಲಿ ಎತ್ತಿದ, ಅದು ಕೈಯಲ್ಲೇ ಸಿಡಿಯಿತು. ಬಳ್ಳಾರಿಯ ಆಸ್ಪತ್ರೆಗೆ ಒಯ್ದರೂ ಬಲಗಣ್ಣು ಉಳಿಯಲಿಲ್ಲ.

ಕಾರಣ ತಿಳಿಯುವ ತನಕ ಪ್ಲಾಟ್‌ಫಾರಮ್ಮಿನಲ್ಲಿ ಸೋಡಾ ಮಾರಕೂಡದು ಎಂದರು ಸ್ಟೇಷನ್ ಮಾಸ್ಟರು. ತಾತ ಕಾರಣ ಹುಡುಕಲು ಹೋಗಲಿಲ್ಲ. ನಿಂತ ನಿಲುವಿನಲ್ಲೇ ಒಂದು ಕಾರಣ ಹೊಸೆದ.

"ನನ್ನ ಗೆರಿ ಸರಿ ಐತ್ರಿ. ಆ ಗಂಗಣ್ಣ ನಿದ್ದಿಗಣ್ಣಾಗ ಗೆರಿ ದಾಟಿಸ್ಯಾನ. ಅವನ್ನ ಬಿಡಿಸೀನಿ. ಬ್ಯಾರೆ ಮನಿಷ್ಯಾನ್ನ ಇಟ್ಟೀನಿ" ಎಂದ. ಬೇರೆ ಮನುಷ್ಯ ಎಂದರೆ ಯರ್ರಿಸ್ವಾಮಿ ಎಂಬ ಬೆಳುಗುಪ್ಪದವನು. ಪರವಾನಗಿ ಮತ್ತೆ ಸಿಕ್ಕಿತು. ಊರೂ ನಂಬಿತು. ಗಂಗಣ್ಣ ಬೀದಿಯಲ್ಲಿ ಹೋದರೆ, "ಗೆರಿ ದಾಟಿಸಿದಾವ" ಎಂದು ಬೆನ್ನ ಹಿಂದೆ ಮಾತು. ಅವನು ಸ್ಟೇಷನ್ನಿನ ದಾರಿಯನ್ನೇ ಬಿಟ್ಟ.

ಕೆಂಪಕ್ಕ ಮರುದಿನವೇ ಅಂಗಡಿಯ ಮುಂದೆ ನಿಂತಳು.

"ನಮ್ಮೋರು ಗೆರೆ ದಾಟ್ಸಿಲ್ಲ ಸಾವ್ಕಾರ್ರೆ."

"ನೀ ನೋಡಿದ್ದೇನವ್ವ?"

"ನೋಡಿಲ್ಲ. ಅವ್ರು ಅಂಥೋರಲ್ಲ. ಮೂಟೇನೇ ವಾರೆ ಇಡ್ದಿರೋ ಮನ್ಷ, ಮುಳ್ಳು ವಾರೆ ಇಡ್ತಾರಾ?"

ಅವಳ ಹತ್ತಿರ ಆಗ ಬೇರೆ ಯಾವ ಪುರಾವೆಯೂ ಇರಲಿಲ್ಲ. ಗಂಡನನ್ನು ಬಲ್ಲೆ ಎಂಬುದೊಂದೇ ಪುರಾವೆ, ಅವಳಿಗೆ ಅಷ್ಟು ಸಾಕಾಗಿತ್ತು. ತಾತ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆರು ವರ್ಷದಲ್ಲಿ ಒಂದು ಬಾಟಲಿಯನ್ನೂ ಒಡೆಯದ ಕೈ ಇನ್ನೊಂದು ಸಿಗುತ್ತಿರಲಿಲ್ಲ. ಅವಳೂ ಬಿಡಲಿಲ್ಲ. ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ ಎಂದುಕೊಂಡು ದಿನಾ ಬಂದಳು, ದಿನಾ ಅದೇ ಮಾತು ಹೇಳಿದಳು. ಕಾಟ ತಡೆಯಲಾರದೆ ತಾತ ಒಂದು ದಾರಿ ತೋರಿಸಿದ: ನಾಲ್ಕು ಜನರ ಮುಂದೆ ಗಂಗಣ್ಣ ತಪ್ಪು ನನ್ನದು ಎಂದುಬಿಟ್ಟರೆ ಅವನಿಗೆ ಗೋಡೌನಿನ ಕಾವಲು ಕೆಲಸ ಕೊಡುತ್ತೇನೆ ಎಂದ. ಗಂಗಣ್ಣ ಒಪ್ಪುವುದರಲ್ಲಿದ್ದ.

"ಹೋಗ್ಲಿ ಬಿಡು ಕೆಂಪಿ. ಒಂದ್ ಮಾತು ಅಂದ್ಬಿಟ್ರೆ ಮುಗೀತು. ಕಣ್ಣಂತೂ ವಾಪಸ್ ಬರಾಕಿಲ್ಲ" ಎಂದ.

"ಕಣ್ ಬರಲ್ಲ, ಮಾನ ಬರ್ತೈತೆ. ಅಂಗಂದ್ಬಿಟ್ರೆ ನಾನು ಮಡಕಶಿರಕ್ಕೆ ಹೊಂಟೋಗ್ತೀನಿ, ನೀವು ಗೋಡೌನ್ ಕಾಯ್ಕಂಡಿರಿ" ಎಂದಳು ಕೆಂಪಕ್ಕ. ಗಂಗಣ್ಣ ಆ ಯೋಚನೆ ಬಿಟ್ಟ.

ಬೇಸಿಗೆ ಹತ್ತಿತು. ಅದೇ ಗೆರೆಗೆ ಯರ್ರಿಸ್ವಾಮಿ ಮುಳ್ಳು ನಿಲ್ಲಿಸುತ್ತಿದ್ದ, ಸುಡುವ ಬಿಸಿಲಿನಲ್ಲೂ ಒಂದು ಬಾಟಲಿ ಸಿಡಿಯಲಿಲ್ಲ. ತಾತನಿಗೆ ಇದಕ್ಕಿಂತ ಇನ್ನೇನು ಬೇಕು? "ಅದಾ ಮಷೀನು, ಅದಾ ಗೆರಿ. ಈಗ್ಯಾಕ ಸಿಡಿವಲ್ದು? ಹೇಳವ್ವ ನೋಡಾಮು" ಎಂದು ಬಂದವರ ಮುಂದೆಲ್ಲ ಕೆಣಕಿದ.

ಈ ಕೆಣಕುವ ಮಾತೇ ಕೆಂಪಕ್ಕನ ತಲೆಯಲ್ಲಿ ಕೂತಿತು. ಹೌದಲ್ಲ, ಈಗ ಯಾಕೆ ಸಿಡಿಯುತ್ತಿಲ್ಲ? ಮಷೀನು ಅದೇ, ಗೆರೆ ಅದೇ, ಬಾಟಲಿ ಅವೇ. ಬದಲಾಗಿದ್ದೇನು ಎಂದು ಅವಳ ಕೈಗೆ ಗೊತ್ತಿತ್ತು. ಪುಷ್ಯದಲ್ಲಿ ಮರಗಟ್ಟಿಸಿದ ಪೀಪಾಯಿಯ ನೀರು ಈಗ ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ಇನ್ನೊಂದನ್ನೂ ಅವಳು ಗಮನಿಸಿದಳು. ಬಿಸಿಲಿನಲ್ಲಿಟ್ಟ ಸೋಡಾದ ಗೋಲಿ ಒತ್ತಿದರೆ ಗ್ಯಾಸೆಲ್ಲ ಬುಸ್ಸೆಂದು ಹೊರಗೆ ನುಗ್ಗುತ್ತದೆ, ಉಳಿಯುವ ನೀರು ಸಪ್ಪೆ. ಮಡಕೆಯ ತಣ್ಣೀರಿನಲ್ಲಿ ಮುಳುಗಿಸಿಟ್ಟದ್ದನ್ನು ಒತ್ತಿದರೆ ಸದ್ದು ಸಣ್ಣದು, ಕೊನೆಯ ಗುಟುಕಿನ ತನಕ ನಾಲಗೆ ಚುರುಗುಟ್ಟುತ್ತದೆ. ಎರಡು ದಿನ ಬಾಟಲಿ ತೊಳೆಯುತ್ತ ಇದನ್ನೇ ಯೋಚಿಸಿದಳು. ಮೂರನೆಯ ದಿನ ಗಂಡನ ಮುಂದೆ ಕೂತಳು.

"ತಣ್ಣೀರು ಗ್ಯಾಸ್ ಜಾಸ್ತಿ ಕುಡೀತೈತೆ. ಬಿಸ್ನೀರು ಕುಡಿಯಲ್ಲ. ಅವತ್ತು ನೀವು ಮುಳ್ಳು ಗೆರೆ ಮ್ಯಾಲೇ ನಿಲ್ಸಿದ್ರಿ, ಆದ್ರೆ ಆ ಕೊರೆಯೋ ನೀರು ಎಲ್ಡರಷ್ಟು ಕುಡ್ಕಂಡಿತ್ತು. ಬಿಸ್ಲಿಗೆ ಕಾದಾಗ ಕುಡ್ದಿದ್ದನ್ನೆಲ್ಲ ಕಕ್ತು. ಬಾಟ್ಲಿ ಒಳ್ಗೆ ಜಾಗ ಎಲ್ಲೈತೆ? ಅದ್ಕೇ ಸಿಡೀತು. ಯುಗಾದಿ ಬಿಸ್ಲಾಗೆ ಎಳೆದಿರೋ ಗೆರೆ ಅದು. ಚಳಿಗಾಲಕ್ಕಲ್ಲ."

ಗಂಗಣ್ಣ, "ಅಂಗಾರೆ ನಾನು ದಾಟ್ಸಿಲ್ಲ" ಎಂದ. ಇಷ್ಟು ತಿಂಗಳು ಕೇಳಿ ಕೇಳಿ ಅವನಿಗೇ ತನ್ನ ಮೇಲೆ ಅನುಮಾನ ಬಂದುಬಿಟ್ಟಿತ್ತು. ಇದನ್ನು ಹೇಳುವಾಗ ಮುದುಕಿ ಕೆಂಪಕ್ಕನಿಗೆ ನಮ್ಮ ತಾತನ ಮೇಲೆ ಬಂದ ಸಿಟ್ಟು ನನಗೂ ಬಂತು, ಇನ್ನೂ ಹೋಗಿಲ್ಲ.

ಮಾರನೆಯ ದಿನ ಅಂಗಡಿಯ ತುಂಬ ಜನರಿದ್ದಾಗ ಕೆಂಪಕ್ಕ ಇದನ್ನೇ ಹೇಳಿದಳು. ತಾತ ಹೊಟ್ಟೆ ಹಿಡಿದುಕೊಂಡು ನಕ್ಕ.

"ತಣ್ಣೀರಿನ ಬಾಟ್ಲಿ ಸಿಡಿತೈತಿ, ಬಿಸಿನೀರಿಂದು ಸುಮ್ಕ ಕುಂದ್ರತೈತಿ! ಕೇಳಿದ್ರೇನ್ರಿ ಈಕಿ ಮಾತು?"

ಜನರೂ ನಕ್ಕರು. ಅವರನ್ನು ನಾನು ದೂರುವುದಿಲ್ಲ. ಕಾದ ನೀರೇ ಸಿಡಿಯುವುದಕ್ಕೆ ಹತ್ತಿರ ಎಂದು ಯಾರಿಗಾದರೂ ಅನಿಸುತ್ತದೆ.

"ಪರೀಕ್ಷೆ ಮಾಡಿ" ಎಂದಳು ಕೆಂಪಕ್ಕ. "ಒಂದು ಪೆಟ್ಟಿಗೆ ಪೀಪಾಯಿ ನೀರು, ಒಂದು ಪೆಟ್ಟಿಗೆ ಮಡಕೆ ನೀರು. ಎಲ್ಡಕ್ಕೂ ನಿಮ್ಮ ಗೆರೇನೇ. ನಡುಮಧ್ಯಾನದಾಗೆ ಟೇಷನ್‌ವರ್ಗೂ ಗಾಡಿ ತಳ್ಕಂಡೋಗಿ ಬರ್ತೀನಿ. ಬಿಸ್ನೀರಿಂದು ಸಿಡಿದ್ರೆ ನಮ್ಮೋರು ರೈಲು ಮುಂದೆ ನಿಂತು ತಪ್ಪು ನಂದು ಅಂತಾರೆ. ತಣ್ಣೀರಿಂದು ಸಿಡಿದ್ರೆ ನೀವು ಅನ್ಬೇಕು."

"ಆತು, ಅಂತೀನಿ" ಎಂದ ತಾತ. ಸೋಲುವ ಯೋಚನೆಯೇ ಅವನಿಗೆ ಬರಲಿಲ್ಲ.

ವೈಶಾಖದ ಒಂದು ಮಧ್ಯಾಹ್ನ. ನೆರಳಿಗೆ ಗಾಳಿಯಾಡುವ ಜಾಗದಲ್ಲಿಟ್ಟ ಮಡಕೆಯ ಹೊರಮೈ ಬೆವರಿ ನೀರು ತಣ್ಣಗಿತ್ತು, ಪೀಪಾಯಿಯ ನೀರು ಕೈ ಇಡಲಾಗದಷ್ಟು ಕಾದಿತ್ತು. ಗೂಡಿನಿಂದ ಬಾಟಲಿಗಳನ್ನು ಆರಿಸಿದವನು ತಾತ. ಪೀಪಾಯಿಯ ನೀರಿಗೆ ಆರು, ಮಡಕೆಯ ನೀರಿಗೆ ಆರು. ಯರ್ರಿಸ್ವಾಮಿ ಎರಡು ಸಲವೂ ಮುಳ್ಳನ್ನು ಗೆರೆಯ ಮೇಲೆ ನಿಲ್ಲಿಸಿದ, ಜನ ಬಗ್ಗಿ ಬಗ್ಗಿ ನೋಡಿದರು. ಪೆಟ್ಟಿಗೆಗಳನ್ನು ಗಾಡಿಗೇರಿಸಿ, ನಡುವೆ ಹಲಗೆ ನಿಲ್ಲಿಸಿ, ಮೇಲೆ ಗೋಣಿತಾಟು ಹೊದಿಸಿದರು. ಅಷ್ಟಾದ ಮೇಲೆ ಗಾಡಿಯ ಹತ್ತಿರ ಒಬ್ಬರೂ ಉಳಿಯಲಿಲ್ಲ. ಗಂಗಣ್ಣ ಮುಂದೆ ಬಂದ.

"ನಾನ್ ತಳ್ತೀನಿ."

"ಇರೋದು ಒಂದು ಕಣ್ಣು. ದೂರ ನಿಂತ್ಕಳಿ" ಎಂದು ಕೆಂಪಕ್ಕ ಅವನ ಹಳೆಯ ಜಾಲರಿಯನ್ನು ತನ್ನ ಮುಖಕ್ಕೆ ಕಟ್ಟಿಕೊಂಡು, ತಲೆಗೆ, ಎದೆಗೆ ದಪ್ಪ ಗೋಣಿ ಸುತ್ತಿಕೊಂಡು ಗಾಡಿಗೆ ಕೈಹಚ್ಚಿದಳು. ಹೆಂಗಸೊಬ್ಬಳು ಸೋಡಾ ಗಾಡಿ ತಳ್ಳುವುದನ್ನು ಆ ಬೀದಿ ಅಂದೇ ಮೊದಲು ನೋಡಿದ್ದು. ಇಪ್ಪತ್ತು ಮಾರು ಹಿಂದೆ ತಾತ, ಗಂಗಣ್ಣ, ಅರ್ಧ ಬಜಾರು.

ಸ್ಟೇಷನ್ ಮುಟ್ಟಿದರೂ ಏನೂ ಆಗಲಿಲ್ಲ. ಗಾಡಿಯನ್ನು ಸ್ಟೇಷನ್ನಿನ ಹೊರಗೆ ಬಿಸಿಲಿನಲ್ಲಿ ಒಂದು ತಾಸು ನಿಲ್ಲಿಸಿದಳು. ನೆರಳಲ್ಲಿ ಕೂತವರು ತಮಾಷೆ ಮಾಡಿದರು. ಅವಳು ಬಿಸಿಲಿನಲ್ಲೇ ನಿಂತಿದ್ದಳು. ವಾಪಸು ಹೊರಟಾಗ, ಕಲ್ಲುಹಾಸಿನ ಮೇಲೆ ಗಾಡಿ ಗಡಗಡ ಕುಲುಕಿದ ಕಡೆ, ಢಂ ಎಂದಿತು. ಜನ ದಿಕ್ಕಾಪಾಲು. ಹತ್ತು ಹೆಜ್ಜೆಗೆ ಇನ್ನೊಂದು. ಗೋಣಿತಾಟು ಎಗರಿ ಮತ್ತೆ ಪೆಟ್ಟಿಗೆಗಳ ಮೇಲೇ ಬಿತ್ತು. ಕೆಂಪಕ್ಕ ಗಾಡಿ ಬಿಡಲಿಲ್ಲ. ಅಂಗಡಿಯ ಮುಂದೆ ನಿಲ್ಲಿಸುವ ಹೊತ್ತಿಗೆ ಮೂರನೆಯದು. ಯಾವ ಪೆಟ್ಟಿಗೆಯದು ಒಡೆಯಿತೋ ಅವಳಿಗಿನ್ನೂ ಗೊತ್ತಿರಲಿಲ್ಲ.

ಕೋಲಿನಿಂದ ಗೋಣಿತಾಟು ಸರಿಸಿದಳು. ಪೀಪಾಯಿಯ ನೀರಿನ ಪೆಟ್ಟಿಗೆಯಲ್ಲಿ ಆರೂ ಬಾಟಲಿ ನೆಟ್ಟಗೆ ನಿಂತಿದ್ದವು. ಮಡಕೆಯ ನೀರಿನದರಲ್ಲಿ ಮೂರು ಪುಡಿಪುಡಿ. ಉಳಿದ ಮೂರು ಸಿಡಿಯದಿರಲೆಂದು ಅವುಗಳ ಮೇಲೆ ಮಡಕೆಯ ತಣ್ಣೀರು ಸುರಿದಳು.

ತಾತ ಮುಖದ ಬೆವರು ಒರೆಸಿಕೊಂಡ. "ಹಳೇ ಬಾಟ್ಲಿ ಸೇರಿದ್ದವೇನೋ ಅದ್ರಾಗ" ಎಂದ.

ಇಲ್ಲಿ ನಾನು ನಮ್ಮ ಮನೆಯ ಮಾನ ಹರಾಜು ಹಾಕಲೇಬೇಕು. ತಾತ ಮೋಸ ಮಾಡಿದ್ದ. ಬಿಸಿನೀರಿನದೇ ಸಿಡಿಯಲಿ ಎಂದು ಚಕ್ಕೆ ಎದ್ದ, ಗೀರು ಬಿದ್ದ ಹಳೆಯ ಬಾಟಲಿಗಳನ್ನೆಲ್ಲ ಆರಿಸಿ ಆ ಪೆಟ್ಟಿಗೆಗೆ ತುಂಬಿಸಿದ್ದ. ಗಟ್ಟಿಯಾದ ಹೊಸವನ್ನು ತಣ್ಣೀರಿಗೆ ಇಟ್ಟಿದ್ದ. ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದ. ಆರು ವರ್ಷ ಪ್ರತಿಯೊಂದನ್ನೂ ಒಳಗೂ ಹೊರಗೂ ತೊಳೆದವಳು ಎದುರಿಗೇ ನಿಂತಿದ್ದಳು. ಅವಳು ನೋಡಿದಳು, ತಡೆಯಲಿಲ್ಲ.

ಕೆಂಪಕ್ಕ ಪೀಪಾಯಿಯ ಪೆಟ್ಟಿಗೆಯಿಂದ ಒಂದೊಂದೇ ಬಾಟಲಿಯನ್ನು ಬೆರಳು ಮುಟ್ಟಿ ತೋರಿಸಿದಳು.

"ಇದು ಬಾಯಿ ಚಕ್ಕೆ ಎದ್ದಿರೋದು. ಇದು ಕತ್ನಾಗೆ ಗೀರಿರೋದು. ಇದ್ನ ಬ್ಯಾರೆ ಇಕ್ಕಿ ಅಂತ ಹೋದ್ವರ್ಷಾನೇ ಅಂದಿದ್ದೆ. ಆರೂ ಹಳೇವೇ ಸಾವ್ಕಾರ್ರೆ, ಆರ್ಸಿದ್ದು ನೀವೇ. ಆರೂ ನಿಂತವೆ. ಒಡ್ದಿರೋವು ಹೊಸಾವು."

ಅವಳು ಒಡೆದ ಗಾಜಿನ ಒಂದು ಚೂರನ್ನು ಎತ್ತಿಕೊಂಡು ಸೀದಾ ಒಳಗೆ ಹೋದಳು. ವಿಭೂತಿ ಹಚ್ಚಿದ್ದ ಆ ಕೆಂಪು ಗೆರೆಯ ಮೇಲೆ ಚೂರನ್ನು ಒತ್ತಿ, ಗಾಜು ಕಿರ್ ಕಿರ್ ಎನ್ನುವ ಹಾಗೆ ಕೆರೆದಳು. "ಏಯ್, ಪೂಜಿ ಮಾಡಿದ್ದದು!" ಎಂದ ತಾತ. ಅವಳು ತಿರುಗಿಯೂ ನೋಡಲಿಲ್ಲ. ಬಣ್ಣ ಪೂರ್ತಿ ಹೋಗುವ ತನಕ ಕೆರೆದು, ಚೂರನ್ನು ಬುಟ್ಟಿಗೆ ಎಸೆದಳು.

ಆಗ ಅಂಗಡಿಗೆ ಅಂಟಿದ ಮನೆಯ ಹೊಸ್ತಿಲ ಒಳಗಿನಿಂದ ಅಜ್ಜಿಯ ದನಿ ಕೇಳಿತು. ಬಜಾರಿನ ಗಂಡಸರ ಎದುರು ಅಜ್ಜಿ ಗಂಡನಿಗೆ ಮಾತು ಹೇಳಿದ್ದು ಅದೊಂದೇ ಸಲವಂತೆ.

"ಮಾತು ಕೊಟ್ಟೀರಿ. ರೈಲಿನ ಹೊತ್ತಾತು, ನಡೀರಿ."

ಸಂಜೆ ಬಳ್ಳಾರಿಯ ರೈಲು ನಿಂತಿತ್ತು. ತಾತ ಸ್ಟೇಷನ್ ಮಾಸ್ಟರ ಪಕ್ಕಕ್ಕೆ ಹೋಗಿ, ಬಗ್ಗಿ, ತೆಲುಗಿನಲ್ಲಿ ಏನೋ ಗೊಣಗಿದ. ಅಷ್ಟಕ್ಕೇ ಮುಗಿಸಿ ಹೊರಡುವವನಿದ್ದ. ಕೆಂಪಕ್ಕ ಅಡ್ಡ ನಿಂತಳು.

"ಜೋರಾಗಿ ಹೇಳಿ ಸಾವ್ಕಾರ್ರೆ. ನಮ್ಮೋರ್ಗೆ ಹೋಗಿರೋದು ಕಣ್ಣು. ಕಿವಿ ಚೆನ್ನಾಗವೆ."

ಕಿಟಕಿಗಳಲ್ಲಿ ತಲೆಗಳು ತುಂಬಿದ್ದವು. ಹಮಾಲರು ಮೂಟೆ ಇಳಿಸಿ ನಿಂತಿದ್ದರು. ತಾತ ಅವರ ಕಡೆ ತಿರುಗಿದ.

"ಗಂಗಣ್ಣ ಗೆರಿ ದಾಟಿಸಿಲ್ಲ. ಗೆರೀನಾ ತಪ್ಪಿತ್ತು. ಅದನ್ನ ಹಾಕಿದಾವ ನಾನು."

ಗಂಗಣ್ಣ ಐದು ತಿಂಗಳಿಂದ ಕಾಲಿಡದ ಆ ಪ್ಲಾಟ್‌ಫಾರಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದ, ಪ್ರತಿಯೊಬ್ಬರ ಮುಖವನ್ನೂ ನೋಡುತ್ತ. ಆಮೇಲೆ ಹೆಂಡತಿಯ ಪಕ್ಕ ಬಂದು ನಿಂತು, ಟವಲಿನಿಂದ ಉಳಿದ ಕಣ್ಣು ಒರೆಸಿಕೊಂಡ.

ಮರುದಿನ ತಾತ ಗಂಗಣ್ಣನನ್ನು ಮತ್ತೆ ಮಷೀನಿಗೆ ಕರೆದ. ಅಂದಿನಿಂದ ಅಂಗಡಿ ಮುಚ್ಚುವ ತನಕ ದಿನಾ ಬೆಳಿಗ್ಗೆ ಕೆಂಪಕ್ಕ ಪೀಪಾಯಿಗೆ ಕೈಯಿಟ್ಟು, ಮುಳ್ಳು ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದಳು, ಗಂಗಣ್ಣ ಅಲ್ಲಿ ನಿಲ್ಲಿಸುತ್ತಿದ್ದ. ಮತ್ತೆ ಒಂದು ಬಾಟಲಿಯೂ ಯಾರ ಕೈಯಲ್ಲೂ ಸಿಡಿಯಲಿಲ್ಲ.

ನಾನು ಕೆಂಪಕ್ಕನನ್ನು ಕೊನೆಯ ಸಲ ನೋಡಿದಾಗ ಗಂಗಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು, ಅವಳ ಬೆರಳುಗಳು ಸೊಟ್ಟಗಾಗಿದ್ದವು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ತಾತ ಹಳೇ ಬಾಟ್ಲಿ ತುಂಬಿದ್ದು ನೋಡಿದ ಮ್ಯಾಲೂ ಸುಮ್ಕಿದ್ದಿಯಲ್ಲ. ಅವಾ ಒಡೆದು ಹೋಗಿದ್ರ ಏನ್ ಮಾಡ್ತಿದ್ದಿ?"

ಕೆಂಪಕ್ಕ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ಒಡ್ದಿದ್ರೂ ಅವ್ರು ಗೆರೆ ದಾಟ್ಸಿರ್ಲಿಲ್ಲ" ಎಂದಳು.